ಅಡುಗೆ ಪುಸ್ತಕಕ್ಕೆ ರೀವೈಂಡಿಂಗ್

ನನ್ನದು ಮೋಟರ್ ವೈಂಡಿಂಗ್ ಅಂಗಡಿ. ತುಮಕೂರಿನಲ್ಲಿ 31 ವರ್ಷದಿಂದ ಸುಟ್ಟ ಮೋಟರು ಬಿಚ್ಚಿ, ತಂತಿ ಸುತ್ತಿ, ವಾಪಸ್ ಕೊಳವೆಬಾವಿಗೆ ಕಳಿಸುತ್ತಾ ಬಂದಿದ್ದೇನೆ. ಅಡುಗೆಮನೆಯಲ್ಲಿ ಹಾಲು ಕಾಯಿಸುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಆ ಹಾಲೂ ಮೂರು ಸಲಕ್ಕೆ ಒಂದು ಸಲ ಉಕ್ಕುತ್ತಿತ್ತು.

ಬಸುರಿ ಮಗಳಿಗೆ ಏಳು ತಿಂಗಳಾದಾಗ ಡಾಕ್ಟರು ಪ್ರಯಾಣ ಬೇಡ ಅಂದರು. ತವರಿಗೆ ಬರಬೇಕಾದವಳು ಹುಬ್ಬಳ್ಳಿಯಲ್ಲೇ ಉಳಿದಳು. ಬಾಣಂತನಕ್ಕೆ ನಮ್ಮ ಮನೆಯವರೇ ಅಲ್ಲಿಗೆ ಹೋದರು. ಹೆಚ್ಚುಕಮ್ಮಿ ಐದು ತಿಂಗಳ ಲೆಕ್ಕ. ಮೊದಲ ವಾರ ಹೋಟೆಲಿನಲ್ಲಿ ಕಳೆಯಿತು. ಬೆಳಗ್ಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ರಾತ್ರಿ ಎಲ್ಲಿ ಸಿಕ್ಕಿದರಲ್ಲಿ. ತಟ್ಟೆ ಇಡ್ಲಿ ಮೇಲೆ ನನ್ನದೇನೂ ತಕರಾರಿಲ್ಲ. ಎಂಟನೇ ದಿನ ಹೊಟ್ಟೆಯೇ ತಕರಾರು ತೆಗೆಯಿತು.

"ಅಪ್ಪಾ, ಫೋನಲ್ಲಿ ವಿಡಿಯೋ ನೋಡ್ಕೊಂಡು ಮಾಡಿ" ಅಂದಳು ಮಗಳು. ಮಾಡಿದೆ. ಈರುಳ್ಳಿ ಹೆಚ್ಚುವಷ್ಟರಲ್ಲಿ ವಿಡಿಯೋದವರು ಬಡಿಸಿಬಿಟ್ಟಿದ್ದರು. ನಿಲ್ಲಿಸೋಣ ಅಂದರೆ ಕೈಯೆಲ್ಲ ಒದ್ದೆ, ಫೋನು ಮಾತು ಕೇಳಲ್ಲ. ನನಗೆ ಕಾಗದ ಬೇಕು. ಅಂಗಡಿಯಲ್ಲಿ ವೈಂಡಿಂಗ್ ಚಾರ್ಟ್ ಇದೆ: ತಂತಿ ಕೂರಿಸುವ ಸ್ಲಾಟು ಎಷ್ಟು, ಎಷ್ಟು ಸುತ್ತು, ಯಾವ ಗೇಜಿನ ತಂತಿ. ಅಡುಗೆಗೂ ಅಂಥದ್ದೊಂದು ಇರಲೇಬೇಕಲ್ವಾ?

ದಿನ 1: ನಾಲ್ಕು ಪುಸ್ತಕ

ಒಂದನ್ನು ದುಡ್ಡು ಕೊಟ್ಟು ತಂದೆ. ಕನ್ನಡದ್ದು, ದಪ್ಪ, 800ಕ್ಕೂ ಜಾಸ್ತಿ ಅಡುಗೆ. ಇನ್ನೊಂದು ಅಳಿಯಂದಿರು ಯಾವಾಗಲೋ ತಂದುಕೊಟ್ಟಿದ್ದ ಇಂಗ್ಲಿಷ್ ಪುಸ್ತಕ, ಮದುವೆ ಆಲ್ಬಮ್ಮಿನ ಥರ ಹೊಳೆಯುವ ಕಾಗದ, ಪುಟಕ್ಕೊಂದು ಫೋಟೋ. ಮೂರನೆಯದು ಅಟ್ಟದ ಟ್ರಂಕಿನಲ್ಲಿ ಸಿಕ್ಕಿತು. ನಮ್ಮಮ್ಮನದು. ರಟ್ಟು ಹೋಗಿದೆ, ಬರೆದವರ ಹೆಸರಿದ್ದ ಮೂಲೆ ಹರಿದಿದೆ. ಆದರೆ ಬೆಲೆ ಇದೆ: 1 ರೂಪಾಯಿ 8 ಆಣೆ. ನಯಾಪೈಸೆ ಬಂದಿದ್ದು 1957ರಲ್ಲಿ. ಅಂದರೆ ಅದಕ್ಕೂ ಮುಂಚಿನ ಪುಸ್ತಕ. ಅಂಚುಗಳಲ್ಲೆಲ್ಲ ಅಮ್ಮ ಹಾಲಿನ ಲೆಕ್ಕ ಬರೆದಿದ್ದಾರೆ. ಹುಳಿಯ ಪುಟಕ್ಕೆ ಮಾತ್ರ ಎಣ್ಣೆ ಜಿಡ್ಡು ಮೆತ್ತಿದೆ. ಬೇರೆ ಯಾವುದನ್ನೂ ನೋಡಿಕೊಂಡು ಮಾಡಿದ ಹಾಗೆ ಕಾಣಲಿಲ್ಲ.

ನಾಲ್ಕನೆಯದನ್ನು ಪುಸ್ತಕ ಅನ್ನಬೇಕೋ ಬೇಡವೋ ಗೊತ್ತಿಲ್ಲ. ಕುಕ್ಕರ್ ಕೊಂಡಾಗ ಡಬ್ಬದೊಳಗೆ ಬಂದಿದ್ದ ಪುಸ್ತಿಕೆ. ಪ್ಲಾಸ್ಟಿಕ್ ಕವರೇ ಬಿಚ್ಚಿರಲಿಲ್ಲ.

ದಿನ 2: ಲೋಡ್ ಇಲ್ಲದೆ ಟೆಸ್ಟು

ಸುತ್ತಿದ ಮೋಟರನ್ನು ಬಾವಿಗೆ ಇಳಿಸುವ ಮುಂಚೆ ಲೋಡ್ ಇಲ್ಲದೆ ಓಡಿಸಿ ನೋಡುತ್ತೇವೆ. ಪುಸ್ತಕಕ್ಕೂ ಹಾಗೇ ಮಾಡಿದೆ. ಒಲೆ ಹಚ್ಚಲಿಲ್ಲ. ಅನ್ನ, ಬೇಳೆ ಸಾರು, ಉಪ್ಪಿಟ್ಟು, ಈ ಮೂರನ್ನು ನಾಲ್ಕರಲ್ಲೂ ಹುಡುಕಿದೆ. ಕೆಂಪು ಪೆನ್ನು ಹಿಡಿದು ಕೂತು, ನನ್ನಿಂದ ಈಗಿಂದೀಗ ಮಾಡಲಾಗದ ಮಾತು ಎಲ್ಲಿ ಬಂತೋ ಅಲ್ಲೊಂದು ಸುತ್ತು ಹಾಕಿದೆ. ಅಷ್ಟೇ ಟೆಸ್ಟು.

ದಪ್ಪ ಪುಸ್ತಕದಲ್ಲಿ ಉಪ್ಪಿಟ್ಟು ಏಳು ಸಾಲು. ಒಂಬತ್ತು ಸುತ್ತು ಬಿತ್ತು. "ರವೆಯನ್ನು ಹದವಾಗಿ ಹುರಿದು". ಹದ ಅಂದರೆ? "ಒಗ್ಗರಣೆ ಕೊಟ್ಟು". ಹೇಗೆ ಕೊಡುವುದು? 800 ಅಡುಗೆಯಲ್ಲಿ ಒಗ್ಗರಣೆ ಮಾಡುವುದು ಹೇಗೆ ಅಂತ ಒಂದು ಪುಟವೂ ಇಲ್ಲ. "ಬೇಕಾದಷ್ಟು ನೀರು". "ರುಚಿಗೆ ತಕ್ಕಷ್ಟು ಉಪ್ಪು". ಯಾರ ರುಚಿಗೆ? ಸಾರಿನ ಕಥೆ ಇನ್ನೂ ಚೆನ್ನ. ಸಾರಿನ ಪುಡಿ 2 ಚಮಚ ಅಂತಿದೆ, ಪುಡಿಗೆ ಬೇರೆ ಪುಟ ನೋಡಿ ಅಂತಿದೆ. ಆ ಪುಟಕ್ಕೆ ಹೋದರೆ 13 ಸಾಮಾನು, ಎಲ್ಲವನ್ನೂ ಬೇರೆಬೇರೆಯಾಗಿ "ಹದವಾಗಿ" ಹುರಿಯಬೇಕು.

ಹೊಳೆಯುವ ಪುಸ್ತಕಕ್ಕೆ ಸುತ್ತು ಕಮ್ಮಿ. ಅಳತೆ ಸರಿಯಾಗಿದೆ: ಕಪ್ ಅಂದರೆ 240 ಮಿಲಿ, ಚಮಚ ಅಂದರೆ 5 ಮಿಲಿ, 15 ಮಿಲಿ, ಅಂತ ಮೊದಲಲ್ಲೇ ಹೇಳಿದ್ದಾರೆ. ಆದರೆ ಸಾರು, ಉಪ್ಪಿಟ್ಟು ಎರಡೂ ಇಲ್ಲ. ಜೊತೆಗೆ ನನ್ನ ಕೆಂಪು ಪೆನ್ನಿನ ಮಸಿ ಆ ಕಾಗದದ ಮೇಲೆ ನಿಲ್ಲಲೇ ಇಲ್ಲ. ಬೆರಳು ತಾಗಿದರೆ ಒರೆಸಿಕೊಂಡು ಹೋಯಿತು. ಇದನ್ನು ಆಗ ಗಮನಿಸಿದೆ, ಅಷ್ಟು ದೊಡ್ಡ ವಿಷಯ ಅಂತ ಗೊತ್ತಾಗಿದ್ದು ಆಮೇಲೆ.

ಕುಕ್ಕರ್ ಪುಸ್ತಿಕೆಗೆ ಎರಡೇ ಸುತ್ತು. ಅಕ್ಕಿ ಇಷ್ಟು, ನೀರು ಇಷ್ಟು, ಪ್ರೆಷರ್ ಬಂದ ಮೇಲೆ ಉರಿ ಸಣ್ಣ ಮಾಡಿ ಇಷ್ಟು ನಿಮಿಷ. ನಮ್ಮ ಚಾರ್ಟ್ ಇದ್ದ ಹಾಗೇ ಇದೆ. ಬರೆದವನು ಎಂಜಿನಿಯರೇ ಇರಬೇಕು. ಆದರೆ ಅದು ಬೇಯಿಸಿ ಕೊಡುವವರೆಗೆ ಮಾತ್ರ. ಬೇಳೆ ಬೆಂದ ಮೇಲೆ ಸಾರು ಆಗುವುದು ಹೇಗೆ ಅಂತ ಅದರಲ್ಲಿಲ್ಲ.

ಅಮ್ಮನ ಪುಸ್ತಕಕ್ಕೆ ಹನ್ನೊಂದು ಸುತ್ತು ಬಿತ್ತು. ಎಲ್ಲಕ್ಕಿಂತ ಜಾಸ್ತಿ. ಪಕ್ಕಕ್ಕಿಟ್ಟು ಮಲಗಿದೆ.

ದಿನ 3: ಲೆಕ್ಕ ತಿರುಗಿತು

ಬೆಳಗ್ಗೆ ಕಾಫಿ ಕುಡಿಯುತ್ತಾ ಆ ಹನ್ನೊಂದು ಸುತ್ತು ಇನ್ನೊಂದು ಸಲ ನೋಡಿದೆ. ಹನ್ನೊಂದರಲ್ಲಿ ಹತ್ತು ಅಳತೆಯದು. ಪಾವು, ಚಟಾಕು, ಸೇರು, ನಿಂಬೆಗಾತ್ರದ ಹುಣಸೆಹಣ್ಣು, ಹೀಗೆ. ಉಳಿದ ಒಂದು "ಕೆಂಡವನ್ನು ಹಿಂದಕ್ಕೆಳೆದು". ಸೌದೆ ಒಲೆಯ ಕಾಲದ ಮಾತು. ಉರಿ ಸಣ್ಣ ಮಾಡು ಅಂತ ಅರ್ಥ, ಯೋಚಿಸಿದರೆ ಯಾರಿಗಾದರೂ ಗೊತ್ತಾಗುತ್ತೆ.

ಆದರೆ "ಹದವಾಗಿ" ಅನ್ನುವ ಪದ ಆ ಪುಸ್ತಕದಲ್ಲಿ ಎಲ್ಲೂ ಸುಮ್ನೆ ಬಂದಿಲ್ಲ. ರವೆಗೆ "ಘಮ ಬರಬೇಕು, ಬಣ್ಣ ತಿರುಗಬಾರದು, ಸೌಟಿನಿಂದ ಮರಳಿನಂತೆ ಜಾರಬೇಕು". ಬೇಳೆಗೆ "ಎರಡು ಬೆರಳಲ್ಲಿ ಒತ್ತಿದರೆ ನುಣ್ಣಗಾಗಬೇಕು, ನಡುವೆ ಗಟ್ಟಿ ಸಿಗಬಾರದು". ಅವತ್ತಿನ ಅಡುಗೆಮನೆಯಲ್ಲಿ ಗಡಿಯಾರ ಎಲ್ಲಿಂದ ಬರಬೇಕು? ಹಾಗಾಗಿ ಕಣ್ಣಿಗೆ, ಮೂಗಿಗೆ, ಬೆರಳಿಗೆ ಗುರುತು ಕೊಟ್ಟಿದ್ದಾರೆ. ಅಳತೆ ಗೊತ್ತಿಲ್ಲದಿದ್ದರೆ ಅಳೆದು ಬರೆದುಕೊಳ್ಳಬಹುದು. ಗುರುತೇ ಬರೆಯದಿದ್ದರೆ ನಾನು ಎಲ್ಲಿಂದ ತರಲಿ? ಸುತ್ತಿನ ಲೆಕ್ಕದಲ್ಲಿ ಸೋತ ಪುಸ್ತಕವೇ ಪಾಸಾಯಿತು. 60 ಚಿಲ್ಲರೆ ಅಡುಗೆ ಇದೆ, ಸಾಕು. ನನಗೆ ಹತ್ತು ಬಂದರೆ ಹಬ್ಬ.

ಕೈಯಲ್ಲಿ ಹಿಡಿದು ಅಡುಗೆ ಮಾಡೋಣ ಅಂದರೆ ಕಾಗದ ಹಪ್ಪಳದ ಹಾಗೆ ಮುರಿಯುತ್ತಿತ್ತು. ಬಿ.ಎಚ್. ರಸ್ತೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿ ಎ4 ಹಾಳೆಗೆ ತೆಗೆಸಿದೆ, ಒಂದೇ ಮಗ್ಗುಲಿಗೆ. ಆಗ ಎಡಗಡೆ ಪುಟ ಪೂರ್ತಿ ಖಾಲಿ ಸಿಗುತ್ತೆ, ಬರೆದುಕೊಳ್ಳಲು. ಸ್ಪೈರಲ್ ಹಾಕಿಸಿದೆ, ಮೇಲೆ ಕೆಳಗೆ ಪ್ಲಾಸ್ಟಿಕ್ ಹಾಳೆ. ಅಂಟು ಹಾಕಿದ ದಪ್ಪ ಪುಸ್ತಕವನ್ನು ಕಟ್ಟೆ ಮೇಲೆ ಬಿಡಿಸಿಟ್ಟರೆ ಅದೇ ಮುಚ್ಚಿಕೊಳ್ಳುತ್ತಿತ್ತು, ಮೇಲೊಂದು ಲಟ್ಟಣಿಗೆ ಇಡಬೇಕಿತ್ತು. ಸ್ಪೈರಲ್ಲಿನದು ಹೇಳಿದಲ್ಲಿ ಬಿದ್ದುಕೊಂಡಿರುತ್ತೆ.

ಒಂದೇ ಎಡವಟ್ಟು. ಹುಳಿ ಪುಟದ ಜಿಡ್ಡು ಜೆರಾಕ್ಸಿನಲ್ಲಿ ಕಪ್ಪಗೆ ಬಂದು ಎರಡು ಸಾಲು ನುಂಗಿತು. ಮೂಲ ನೋಡಿಕೊಂಡು ಕೈಯಲ್ಲೇ ಬರೆದೆ.

ದಿನ 4 ಮತ್ತು 5: ಪಾವು

ತಾಮ್ರದ ತಂತಿ ತೂಗುವ ತಕ್ಕಡಿ ಅಂಗಡಿಯಿಂದ ಮನೆಗೆ ಬಂತು. ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ. ಒರೆಸಿ, ಮೇಲೆ ತಟ್ಟೆ ಇಟ್ಟೆ.

ಸರ್ಕಾರ ತೂಕ ಅಳತೆಯ ಕಾಯ್ದೆ ಮಾಡಿದ್ದು 1956ರಲ್ಲಿ. ಅದಾದ ಮೇಲೆ ಅಂಗಡಿಯಲ್ಲಿ ಕೆಜಿ, ಲೀಟರು. ಮನೆಯಲ್ಲಿ ಇವತ್ತಿಗೂ ಅಕ್ಕಿ ಡಬ್ಬದೊಳಗೆ ಪಾವೇ ಇದೆ. ನಮ್ಮ ಪಾವಿಗೆ ನೀರು ತುಂಬಿ ತೂಗಿದರೆ 248 ಗ್ರಾಂ. ಕಾಲು ಲೀಟರ್ ಅಂತಲೇ ಹಿಡಿಯಬಹುದು. ಅಕ್ಕಿಯನ್ನು ತಲೆತಟ್ಟಿ ತುಂಬಿದರೆ 212 ಗ್ರಾಂ. ತೊಗರಿಬೇಳೆ 208. ಉಪ್ಪಿಟ್ಟಿನ ರವೆ 174. ರಾಗಿಹಿಟ್ಟು ಒತ್ತದೆ ತುಂಬಿದರೆ 150, ಒತ್ತಿದರೆ ಎಲ್ಲಿಗೋ ಹೋಗುತ್ತೆ. ಗೋಪುರ ತುಂಬಿದ ಪಾವು, ತಲೆತಟ್ಟಿದ ಪಾವು, ಇವೆರಡಕ್ಕೂ ಅಕ್ಕಿಯಲ್ಲಿ 40 ಗ್ರಾಮಿನ ವ್ಯತ್ಯಾಸ. ಚಟಾಕು ಪಾವಿನಲ್ಲಿ ಕಾಲು ಭಾಗ. ನಾಲ್ಕು ಪಾವು ಒಂದು ಸೇರು.

ಇಲ್ಲಿ ಒಂದು ಗುಂಡಿಗೆ ಬಿದ್ದೆ. ಪುಸ್ತಕದಲ್ಲಿ ಬೆಲ್ಲವೂ ಸೇರಿನಲ್ಲೇ ಇದೆ. ಬೆಲ್ಲವನ್ನು ಪಾವಿನಲ್ಲಿ ಅಳೆಯುವುದು ಹೇಗೆ? ಮಂಡಿಪೇಟೆಯ ದಿನಸಿ ಅಂಗಡಿಯ ಯಜಮಾನರನ್ನು ಕೇಳಿದೆ. ಎಂಬತ್ತು ದಾಟಿದವರು. "ಅಳತೆ ಸೇರು ಬೇರೆ, ತೂಕದ ಸೇರು ಬೇರೆ ಕಣಪ್ಪ. ನಮ್ಮ ಮೈಸೂರು ಸೀಮೇಲಿ ತೂಕದ ಸೇರು ಅಂದ್ರೆ ಇಪ್ಪತ್ನಾಲ್ಕು ತೊಲ" ಅಂದರು. ಒಂದು ತೊಲ 11.66 ಗ್ರಾಂ. ಅಂದರೆ 280 ಗ್ರಾಂ. ಉತ್ತರದ ಪಕ್ಕಾ ಸೇರು 80 ತೊಲ, 933 ಗ್ರಾಂ. ಆ ಲೆಕ್ಕ ಹಿಡಿದು ಪಾಯಸಕ್ಕೆ ಬೆಲ್ಲ ಸುರಿದಿದ್ದರೆ ಇರುವೆಗಳೂ ತಿನ್ನುತ್ತಿರಲಿಲ್ಲ.

ನಿಂಬೆಗಾತ್ರದ ಹುಣಸೆಹಣ್ಣನ್ನೂ ಬಿಡಲಿಲ್ಲ. ಮನೆಯಲ್ಲಿದ್ದ ನಿಂಬೆಹಣ್ಣು ಪಕ್ಕ ಇಟ್ಟುಕೊಂಡು, ಬೀಜ ತೆಗೆದ ಹುಣಸೆಹಣ್ಣು ಉಂಡೆ ಕಟ್ಟಿ ತೂಗಿದೆ. 28 ಗ್ರಾಂ. ಎಡಗಡೆ ಪುಟದಲ್ಲಿ ಹಾಗೇ ಬರೆದೆ.

ಉಪ್ಪು ಒಂದಕ್ಕೆ ಪುಸ್ತಕವೂ ಕೈಕೊಟ್ಟಿತ್ತು. ನಾನೇ ಅಂದಾಜು ಹಾಕಿದೆ. ಒಂದು ಲೀಟರ್ ಸಾರಿಗೆ ಮೊದಲು 8 ಗ್ರಾಂ, ಕಲಕಿ ರುಚಿ ನೋಡಿ, ಬೇಕಾದರೆ ಇನ್ನೆರಡು. ಪುಡಿ ಉಪ್ಪು ತಲೆತಟ್ಟಿದ ಟೀ ಚಮಚಕ್ಕೆ 6 ಗ್ರಾಂ ಬರುತ್ತೆ. ಕಲ್ಲುಪ್ಪು ಹಾಕುವವರು ಚಮಚ ನಂಬಬೇಡಿ, ಹರಳಿನ ನಡುವೆ ಗಾಳಿ ಇರುತ್ತೆ. ತೂಗಿ.

ದಿನ 6: ಕಲ್ಲಾದ ಬೇಳೆ

ಮೊದಲ ಸಲ ಲೋಡ್ ಹಾಕಿದ್ದು. ಒಂದು ಪಾವು ತೊಗರಿಬೇಳೆ. ಅವತ್ತು ಅವಸರ, ಅಮ್ಮನ ಪುಸ್ತಕದ ಹಾಗೆ ಹಂತಹಂತವಾಗಿ ಯಾಕೆ ಅಂತ ದಪ್ಪ ಪುಸ್ತಕದ "ಎಲ್ಲವನ್ನೂ ಕೂಡಿಸಿ ಕುಕ್ಕರಿನಲ್ಲಿ ಬೇಯಿಸಿ" ಅನ್ನುವ ದಾರಿ ಹಿಡಿದೆ. ಬೇಳೆ, ಟೊಮೆಟೊ, ಹುಣಸೆರಸ, ಉಪ್ಪು, ನೀರು ಎಲ್ಲ ಒಟ್ಟಿಗೆ.

ಕುಕ್ಕರು ಕೂಗಲೇ ಇಲ್ಲ. ಮುಚ್ಚಳದ ಅಂಚಿನಿಂದ ಹಬೆ ಬರುತ್ತಿತ್ತು. ಇದು ನನ್ನ ಕೆಲಸ, ಖುಷಿಯಾಯಿತು. ಒಲೆ ಆರಿಸಿ, ಹಬೆ ಪೂರ್ತಿ ಇಳಿದ ಮೇಲೆ ಬಿಚ್ಚಿದೆ. ಗ್ಯಾಸ್ಕೆಟ್ ಸಡಿಲ ಆಗಿತ್ತು. ಹತ್ತು ನಿಮಿಷ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟು ಹಾಕಿದೆ, ಹಿಡಿಯಿತು. ಮಾರನೆ ದಿನ ಹೊಸದು ತಂದೆ. ಕುಕ್ಕರಿನೊಳಗೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಪ್ರೆಷರ್, ನೀರು 120 ಡಿಗ್ರಿವರೆಗೂ ಹೋಗುತ್ತೆ. ತುಮಕೂರು 800 ಮೀಟರ್ ಎತ್ತರದಲ್ಲಿರುವ ಊರು, ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿದುಬಿಡುತ್ತೆ. ಅಷ್ಟರಲ್ಲಿ ಬೇಳೆ ಬೇಯಲು ಎಷ್ಟು ಹೊತ್ತು ಕಾಯಬೇಕು ನೋಡಿ.

ಐದು ಸಲ ಕೂಗಿತು. ಬಿಚ್ಚಿದರೆ ಬೇಳೆ ಹಾಕಿದ ಹಾಗೇ ಇದೆ. ಬೆರಳಲ್ಲಿ ಒತ್ತಿದರೆ ಜಾರಿ ಆಚೆ ಹಾರಿತು. ಹುಬ್ಬಳ್ಳಿಗೆ ಫೋನ್ ಮಾಡಿದೆ.

"ಏನ್ರೀ, ಹುಳಿ ಮೊದಲೇ ಹಾಕಿದ್ರಾ?"

"ಹೂಂ. ಪುಸ್ತಕದಲ್ಲಿ ಹಾಗೇ ಇದೆ."

"ಹುಳಿ ಬಿದ್ರೆ ಬೇಳೆ ಬೇಯಲ್ಲ. ನೀರು ಯಾವ್ದು ಹಾಕಿದ್ರಿ?"

"ನಲ್ಲಿ ನೀರು."

"ಯಾವ ನಲ್ಲಿ? ಬೋರಿಂದಾ?"

ಅಲ್ಲಿಗೆ ನನ್ನ ಮಾನ ಹೋಯಿತು. ಬೋರಿನ ಗಡಸು ನೀರು ಪಂಪಿಗೆ ಏನು ಮಾಡುತ್ತೆ ಅಂತ 31 ವರ್ಷದಿಂದ ನೋಡುತ್ತಿದ್ದೇನೆ. ಪಂಪಿನೊಳಗೆ ತಿರುಗಿ ನೀರು ತಳ್ಳುವ ಇಂಪೆಲ್ಲರ್ ಮೇಲೆ ಬಿಳೀ ಪದರ ಕಟ್ಟುತ್ತೆ, ಸುತ್ತಿಗೆಯಲ್ಲಿ ಕುಟ್ಟಬೇಕು. ಅದೇ ಸುಣ್ಣದ ಅಂಶ ಬೇಳೆ ಮೆತ್ತಗಾಗಲು ಬಿಡಲ್ಲ. ಹುಳಿಯೂ ಅದೇ ಕೆಲಸ ಮಾಡುತ್ತೆ. ನಾನು ಎರಡನ್ನೂ ಒಟ್ಟಿಗೆ ಹಾಕಿದ್ದೆ. ನಮ್ಮ ಮನೆಯಲ್ಲಿ ಎರಡು ನಲ್ಲಿ. ಒಂದು ಬೋರಿನದು, ಇನ್ನೊಂದು ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು. ಅವಳು ಇಷ್ಟು ವರ್ಷ ಬೇಳೆಗೆ ಹೇಮಾವತಿ ನೀರನ್ನೇ ಕೊಡದಲ್ಲಿ ಹಿಡಿದಿಡುತ್ತಿದ್ದಳು. ಕುಡಿಯಲು ಅಂದುಕೊಂಡಿದ್ದೆ.

ಇದು ಯಾವ ಪುಸ್ತಕದಲ್ಲೂ ಇರಲು ಸಾಧ್ಯವಿಲ್ಲ. ಬರೆದವರಿಗೆ ನನ್ನ ನಲ್ಲಿ ಹೇಗೆ ಗೊತ್ತಾಗಬೇಕು? ಎಡಗಡೆ ಪುಟಕ್ಕೆ ದಪ್ಪಕ್ಷರದಲ್ಲಿ ಬರೆದೆ: ಕೊಡದ ನೀರು. ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ. ಬೆಂದ ಮೇಲೆ ಹುಳಿ, ಉಪ್ಪು. ಪೆನ್ನು ಹಿಡಿಯದ ಹೊಳೆಯುವ ಕಾಗದ ಯಾಕೆ ಆಗಿಬರಲ್ಲ ಅಂತ ಅವತ್ತು ಗೊತ್ತಾಯಿತು. ಮೊದಲ ಸಲ ಅಡುಗೆ ಮಾಡುವವರಿಗೆ ಪುಸ್ತಕ ಕೊಡಿಸುವುದಿದ್ದರೆ ಅಂಗಡಿಯಲ್ಲೇ ಕಾಗದದ ಮೇಲೆ ಬೆರಳಾಡಿಸಿ, ಅಂಚು ಎಷ್ಟು ಅಗಲ ಬಿಟ್ಟಿದ್ದಾರೆ ನೋಡಿ.

ದಿನ 9: ಸೊನ್ನೆಯ ಪುಟ

ಸಾಸಿವೆ ಮೂರು ಸಲ ಸುಟ್ಟೆ. ನಾಲ್ಕನೇ ಸಲಕ್ಕೆ ಕೈಗೆ ಬಂದದ್ದನ್ನು ಪುಸ್ತಕದ ಮೊದಲ ಹಾಳೆಯಾಗಿ ಸೇರಿಸಿದೆ. ಪುಟ ಸಂಖ್ಯೆ ಸೊನ್ನೆ, ಯಾಕೆಂದರೆ ಮುಂದಿನ ಎಲ್ಲ ಪುಟಕ್ಕೂ ಇದು ಬೇಕು.

ಎಲ್ಲವನ್ನೂ ಮೊದಲೇ ಕಟ್ಟೆ ಮೇಲೆ ತೆಗೆದಿಟ್ಟುಕೊ, ಆಮೇಲೆ ಡಬ್ಬ ಹುಡುಕುವಷ್ಟು ಹೊತ್ತು ಇರಲ್ಲ. ಎರಡು ಚಮಚ ಎಣ್ಣೆ, ಮಧ್ಯಮ ಉರಿ. ಒಂದೇ ಒಂದು ಸಾಸಿವೆ ಕಾಳು ಹಾಕಿ ಕಾಯಿ. ಅದು ತಳದಲ್ಲೇ ಕೂತಿದ್ದರೆ ಎಣ್ಣೆ ಕಾದಿಲ್ಲ. ಚಟ್ ಅಂದರೆ ಉಳಿದದ್ದು ಹಾಕು. ಸಿಡಿಯುವ ಸದ್ದು ಜೋರಾಗಿ, ಆಮೇಲೆ ಕಮ್ಮಿಯಾಗುತ್ತಾ ಬರುತ್ತೆ. ಕಮ್ಮಿಯಾಗಲು ಶುರುವಾದ ಕೂಡಲೇ ಉರಿ ಸಣ್ಣ, ಒಣಮೆಣಸಿನಕಾಯಿ. ಕರಿಬೇವು ಒರೆಸಿ ಹಾಕು, ಒದ್ದೆ ಇದ್ದರೆ ಮುಖಕ್ಕೆ ಹಾರುತ್ತೆ. ಕೊನೆಗೆ ಇಂಗು, ಒಲೆ ಆರಿಸು. ಸದ್ದು ಪೂರ್ತಿ ನಿಲ್ಲುವವರೆಗೆ ಕಾದರೆ ಸಾಸಿವೆ ಕಹಿ. ಕಹಿಯಾದರೆ ಸಾರಿಗೆ ಹಾಕಬೇಡ, ಚೆಲ್ಲಿ ಹೊಸದು ಮಾಡು. ಎರಡು ಚಮಚ ಎಣ್ಣೆ ಹೋಗುತ್ತೆ, ಒಂದು ಪಾತ್ರೆ ಸಾರು ಉಳಿಯುತ್ತೆ.

ಬೇರಿಂಗ್ ಕೆಟ್ಟಿದ್ದನ್ನು ಕಿವಿಯಲ್ಲಿ ಹಿಡಿಯುವವನಿಗೆ ಈ ಸದ್ದು ಹಿಡಿಯಲು ಒಂಬತ್ತು ದಿನ ಬೇಕಾಯಿತು.

ದಿನ 12: ಉಪ್ಪಿಟ್ಟು

ಟೆಸ್ಟಿಂಗಿಗೆ ಅಂಗಡಿಯ ಹುಡುಗ ಇದ್ದ. ಒಂದು ಪಾವು ರವೆಗೆ ಎರಡು ಪಾವು ನೀರು ಹಾಕಿದ್ದೆ. ಡಬ್ಬ ಬಿಚ್ಚಿ ಚಮಚ ಚುಚ್ಚಿದ. ಚಮಚ ನೆಟ್ಟಗೆ ನಿಂತಿತು. "ಅಣ್ಣ, ಇದನ್ನ ಸ್ಲಾಟಿಗೆ ತುಂಬಿದ್ರೆ ವಾರ್ನಿಶೇ ಬೇಡ" ಅಂದ. ಸುತ್ತಿದ ತಂತಿ ಅಲುಗದ ಹಾಗೆ ಹಿಡಿಯುವುದು ವಾರ್ನಿಶ್. ಮಾರನೆ ದಿನ ಎರಡೂವರೆ ಪಾವು. ಡಬ್ಬ ಖಾಲಿ ಬಂತು. ಬನ್ಸಿ ರವೆಗೆ ಮೂರು ಬೇಕು, ಅದೂ ಬರೆದಿದ್ದೇನೆ.

ದಿನ 15: ಕೆಂಪು ಗುರುತು

ಸಂಜೆ ಏಳಕ್ಕೆ ಅಲಸಂದೆ ಕಾಳಿನ ಹುಳಿ ಮಾಡೋಣ ಅಂತ ಹೊರಟೆ. ಆರನೇ ಸಾಲಿನಲ್ಲಿ "ಹಿಂದಿನ ರಾತ್ರಿ ನೆನೆಸಿಟ್ಟ ಕಾಳನ್ನು" ಅಂತ ಬಂತು. ಇದೊಂದು ವಿಷಯದಲ್ಲಿ ಅಮ್ಮನ ಪುಸ್ತಕವೂ ಒಂದೇ, ದಪ್ಪ ಪುಸ್ತಕವೂ ಒಂದೇ. ಹಿಂದಿನ ರಾತ್ರಿಗೆ ನಾನು ವಾಪಸ್ ಹೋಗುವುದು ಹೇಗೆ? ಅವತ್ತು ಮೊಸರನ್ನ ಉಂಡು, ಪುಸ್ತಕ ಪೂರ್ತಿ ತಿರುವಿ ನೆನೆಸುವುದು, ಹುಳಿ ಬರಿಸುವುದು, ರುಬ್ಬುವುದು ಇರುವ ಪುಟಗಳ ನೆತ್ತಿಗೆಲ್ಲ ಕೆಂಪು ಇನ್ಸುಲೇಶನ್ ಟೇಪು ಅಂಟಿಸಿದೆ. 22 ಪುಟ. ಪುಸ್ತಕ ಮುಚ್ಚಿದ್ದರೂ ಟೇಪು ಹೊರಗೆ ಕಾಣುತ್ತೆ. ಟೇಪು ಇದ್ದರೆ ಇವತ್ತು ಆಗಲ್ಲ, ಅಷ್ಟೇ ಅರ್ಥ.

ಈಗಿನ ಸ್ಥಿತಿ

ಎರಡು ತಿಂಗಳಾಯಿತು. 14 ಪುಟದ ಎಡಗಡೆ ತುಂಬಿದೆ. ಅಂಗಡಿ ಹುಡುಗ ತನ್ನ ರೂಮಿಗೆ ಒಂದು ಪ್ರತಿ ಬೇಕು ಅಂದ. ಜೆರಾಕ್ಸ್ ಮಾಡಿಸಿ ಕೊಟ್ಟೆ, ಎಡಗಡೆ ಪುಟ ಮಾತ್ರ ಖಾಲಿ ಬಿಟ್ಟು. ಅವನ ರೂಮಿಗೆ ಬರುವುದು ಬರೀ ಬೋರಿನ ನೀರು. ನನ್ನ ಲೆಕ್ಕ ಅವನಿಗೆ ಹೊಂದಲ್ಲ. ಸೊನ್ನೆಯ ಪುಟ ಮಾತ್ರ ಇಟ್ಟಿದ್ದೇನೆ.

ಬಾಕಿ ಇರುವುದು ಹಿಟ್ಟು. ಮುದ್ದೆ ಅಂತೀರಲ್ಲ, ನಮ್ಮ ಕಡೆ ಹಿಟ್ಟು ಅಂತೀವಿ. ತುಮಕೂರಿನ ಹಳ್ಳಿ ಮನೆಗಳಲ್ಲಿ ದಿನಾ ಬೇಯುವ ಅಡುಗೆ. ಅಮ್ಮನ ಪುಸ್ತಕದಲ್ಲಿ ಅದರ ಹೆಸರೇ ಇಲ್ಲ. ದಪ್ಪ ಪುಸ್ತಕದಲ್ಲಿ ಮೂರು ಸಾಲು, "ಗಂಟಾಗದಂತೆ ತಿರುವಿ". ಗಂಟಾಗದಂತೆ ತಿರುವುವುದು ಗೊತ್ತಿದ್ದರೆ ಪುಸ್ತಕ ಯಾಕೆ ಬೇಕಿತ್ತು?

ನಾಲ್ಕು ಸಲ ಮಾಡಿದೆ. ಎರಡು ಪಾವು ನೀರು, ಒಂದು ಪಾವು ಹಿಟ್ಟು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಟ್ಟು, ಉಕ್ಕು ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆ ಹಾಕಿ, ಕೋಲಿನಲ್ಲಿ ತೂತು ಮಾಡಿ, ಕಲಕದೆ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡುವುದು. ಇಲ್ಲಿಯವರೆಗೆ ಸರಿ ಬರುತ್ತೆ. ಆಮೇಲೆ ತೊಳಸಬೇಕು, ಅಂದರೆ ಕೋಲಿನಲ್ಲಿ ಒತ್ತಿ ತಿರುವಬೇಕು. ಪಾತ್ರೆ ನನ್ನ ಜೊತೆಗೇ ತಿರುಗುತ್ತೆ. ಕವೆಗೋಲು ಕೊಟ್ಟು ಕಾಲಲ್ಲಿ ಒತ್ತಿ ಹಿಡಿಯೋಣ ಅಂದರೆ ಒಲೆ ಕಟ್ಟೆ ಮೇಲಿದೆ. ಕೆಳಗಿಳಿಸಿ ಕೂತರೆ ಹಿಟ್ಟು ಆರಿಹೋಗುತ್ತೆ. ಮುರಿದು ನೋಡಿದರೆ ಒಳಗೆ ಬಟಾಣಿ ಗಾತ್ರದ ಗಂಟು, ಗಂಟಿನೊಳಗೆ ಬಿಳೀ ಹಸಿಹಿಟ್ಟು. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ ಅಂತಾರೆ. ಹೊರಗೆ ಅಂಟಲ್ಲ, ಒಳಗಿನ ಕಥೆ ಬೇರೆ.

"ಬರ್ಕೋತೀನಿ, ಹೇಳು" ಅಂದೆ ಫೋನಿನಲ್ಲಿ.

"ಅದನ್ನ ಹೇಳೋಕಾಗಲ್ಲ ರೀ. ನಾನು ತೊಳಸ್ತೀನಿ, ನೀವು ಪಾತ್ರೆ ಹಿಡ್ಕೊಳ್ಳಿ. ಆಗ ಗೊತ್ತಾಗುತ್ತೆ."

ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಬರುತ್ತಾರೆ. ಪುಟ 61 ಅಂತ ನಂಬರು ಹಾಕಿ, ಮೇಲೆ ಹಿಟ್ಟು ಅಂತ ಬರೆದು, ಎರಡೂ ಮಗ್ಗುಲು ಖಾಲಿ ಬಿಟ್ಟಿದ್ದೇನೆ.